ಅಕ್ಕನ ಹೊಟ್ಟೆಯೊಳಗಿನ ನಳಿಗೆ

ಅಕ್ಕನಿಗೆ ಹೊಟ್ಟೆನೋವು ಶುರುವಾದಾಗ ಅವಳಿಗೆ ಹದಿನೆಂಟು ತುಂಬಿರಲಿಲ್ಲ. ಎಪ್ಪತ್ತರ ದಶಕದ ಆರಂಭ. ನಾವಾಗ ಸವಣೂರಿನಲ್ಲಿದ್ದೆವು. ಅಪ್ಪ ಎಲೆಬಳ್ಳಿ ತೋಟದಲ್ಲಿ ಕೂಲಿ. ಅವ್ವ ಮತ್ತು ಅಕ್ಕ ಅದೇ ತೋಟದ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದರು. ನಾನು ಅವಳಿಗಿಂತ ಐದು ವರ್ಷ ಚಿಕ್ಕವಳು. ಮನೆಯಲ್ಲಿ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ.

ಒಂದು ದಿನ ಎಲೆ ಎಣಿಸುತ್ತ ಕೂತಿದ್ದ ಅಕ್ಕ ಹಾಗೇ ಮುಂದಕ್ಕೆ ಬಾಗಿ ಮೊಣಕಾಲಿಗೆ ಹಣೆ ಹಚ್ಚಿದಳು. ಎಬ್ಬಿಸಹೋದರೆ ಏಳಲಿಲ್ಲ. ಮಾತಾಡಿಸಿದರೆ ಹಲ್ಲು ಕಚ್ಚಿಕೊಂಡು ಕೈ ಆಡಿಸಿದಳು.

"ಬರೇ ಹೊಟ್ಟಿ ಅಲ್ಲಬೇ. ಹೊಟ್ಟ್ಯಾಗಿಂದ ಬೆನ್ನಿಗೆ ಮೊಳಿ ಹೊಡದಂಗ ಆಗಾಕತ್ತೇತಿ" ಎಂದು ಸಂಜೆ ಅವ್ವನಿಗೆ ಹೇಳಿದಳು.

ಆ ಮೊಳೆ ಮುಂದೆ ಹದಿನೈದು ವರ್ಷ ಅವಳನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ ಬರುತ್ತಿತ್ತು, ಎರಡು ಮೂರು ದಿನ ಇದ್ದು ಹೋಗುತ್ತಿತ್ತು. ಉಂಡರೆ ಹೆಚ್ಚಾಗುತ್ತದೆ ಎಂದು ಅವಳೇ ಕಂಡುಕೊಂಡು ಉಣ್ಣುವುದನ್ನು ಬಿಡುತ್ತಿದ್ದಳು. ಮೊದಲು ವಾಯು ಅಂದರು. ಆಮೇಲೆ ಯಾರದೋ ಕಣ್ಣು ಬಿದ್ದಿದೆ ಅಂದರು. ಪಕ್ಕದ ಹಳ್ಳಿಯ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋಗಿ ಹೊಟ್ಟೆಯ ಮೇಲೆ ಬರೆ ಹಾಕಿಸಿದರು. ನಾಲ್ಕು ಬರೆ. ಅಪ್ಪ ಅವಳ ಕಾಲು ಹಿಡಿದಿದ್ದ, ಅವ್ವ ಕೈ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕಿವಿ ಮುಚ್ಚಿಕೊಂಡಿದ್ದೆ. ಹಾನಗಲ್ಲಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಇದ್ದರು. ಅವರು ಹೊಟ್ಟೆಯ ಹುಣ್ಣು ಎಂದು ಸುಣ್ಣದ ನೀರಿನಂಥ ಬಿಳಿ ಔಷಧಿ ಕೊಟ್ಟರು. ಅದನ್ನು ಅಕ್ಕ ಆರು ವರ್ಷ ಕುಡಿದಳು.

ಕುಡಿಯುತ್ತಲೇ ಮದುವೆಯಾಯಿತು. ಹಿರೇಕೆರೂರ ತಾಲೂಕಿನ ಮಾಸೂರಿಗೆ ಕೊಟ್ಟರು. ಮಾಮಾ, ಅಂದರೆ ಅಕ್ಕನ ಗಂಡ, ಮದಗದ ಕೆರೆಯ ನೀರಿನ ಗದ್ದೆಗಳಲ್ಲಿ ದುಡಿಯುವವನು. ಅವನದೇ ಅಂತ ಸ್ವಲ್ಪ ಭೂಮಿಯೂ ಇತ್ತು. ಮಾತು ಕಡಿಮೆ, ಒಳ್ಳೆಯ ಮನುಷ್ಯ. ಭತ್ತದ ನಾಟಿ ದಿನವೇ ಇವಳಿಗೆ ಹೊಟ್ಟೆನೋವು ಬರುತ್ತದೆ ಎಂದು ಅವಳ ಅತ್ತೆ ಓಣಿಯಲ್ಲಿ ಹೇಳಿಕೊಂಡು ಬಂದಳಂತೆ. ಅದನ್ನು ಕೇಳಿದ ಮೇಲೆ ಅಕ್ಕ ಸೆರಗನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಂಡು ಕೆಸರಿಗೆ ಇಳಿಯುತ್ತಿದ್ದಳು. ಒಬ್ಬ ಮಗಳು ಹುಟ್ಟಿದಳು. ಆಮೇಲೆ ಅಕ್ಕ ಸೊರಗುತ್ತ ಹೋದಳು. ಮೂವತ್ತಕ್ಕೆ ಅವಳ ತೋಳು ನನ್ನ ಮುಂಗೈಯಷ್ಟಾಗಿತ್ತು.

ನಾನು ಅಷ್ಟರಲ್ಲಿ ಶಿಗ್ಗಾಂವದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಹಟ ಹಿಡಿದು ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ಮಾಡಿಸಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಬೆನ್ನುಮೂಳೆಯ ಎರಡೂ ಬದಿಗೆ ಜೋಳದ ಕಾಳು ಚೆಲ್ಲಿದಂತೆ ಬಿಳಿ ಚುಕ್ಕಿಗಳಿದ್ದವು.

"ಇವೆಲ್ಲಾ ಹರಳು. ಮೇದೋಜೀರಕ ಗ್ರಂಥಿಯೊಳಗ ಅದಾವು" ಎಂದರು.

ಆ ಶಬ್ದ ನನಗೆ ಗೊತ್ತಿತ್ತು. ಪ್ರತಿ ವರ್ಷ ಜೀರ್ಣಾಂಗಗಳ ಪಾಠದಲ್ಲಿ ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅದು ನೋಯುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ರಕ್ತ ನೋಡಿಸಿದಾಗ ಸಕ್ಕರೆ ಕಾಯಿಲೆಯೂ ಇತ್ತು. ದಿನಾ ಸೂಜಿ ಚುಚ್ಚಿಕೊಳ್ಳಬೇಕು, ನೋವಿಗೆ ಹೊಟ್ಟೆ ಕೊಯ್ದು ದೊಡ್ಡ ಆಪರೇಷನ್ ಮಾಡಬೇಕು ಎಂದರು. ಸೂಜಿಗೆ ಅಕ್ಕ ಒಪ್ಪಿದಳು. ಕೊಯ್ಯುವುದಕ್ಕೆ ಒಪ್ಪಲಿಲ್ಲ.

ನಮ್ಮ ಸೋದರಮಾವ ಮುಂಬಯಿಯಲ್ಲಿದ್ದ. ಮೊದಲು ಬಟ್ಟೆ ಗಿರಣಿಯಲ್ಲಿದ್ದವನು, ಅದು ಮುಚ್ಚಿದ ಮೇಲೆ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸಕ್ಕೆ ಸೇರಿದ್ದ. ಅವನಿಗೆ ಪತ್ರ ಬರೆದೆ. ಇಲ್ಲಿ ಕೊಯ್ಯದೇ ಮಾಡುತ್ತಾರೆ ಎಂದು ಉತ್ತರ ಬಂತು. ಬಾಯಿಯಿಂದ ದುರ್ಬೀನು ಇಳಿಸಿ, ಗ್ರಂಥಿಯ ಬಾಯೊಳಗೆ ಪ್ಲಾಸ್ಟಿಕ್ಕಿನ ಸಣ್ಣ ನಳಿಗೆ ಕೂಡಿಸುತ್ತಾರಂತೆ. ಕಟ್ಟಿಕೊಂಡ ರಸ ಅದರೊಳಗಿಂದ ಹರಿದು ನೋವು ಇಳಿಯುತ್ತದಂತೆ. ಹೊಸ ವಿದ್ಯೆ, ಒಂದಿಬ್ಬರು ಡಾಕ್ಟರಿಗೆ ಮಾತ್ರ ಬರುತ್ತದೆ ಎಂದು ಬರೆದಿದ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಫೆಬ್ರುವರಿ ಕೊನೆಗೆ ನಾನು, ಅಕ್ಕ, ಮಾಮಾ ಮೂವರೂ ಶಿಗ್ಗಾಂವದ ಹೈವೇಯಲ್ಲಿ ನಿಂತು ಮುಂಬಯಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಕ್ಕ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು.

ಸೋದರಮಾವನ ಮನೆ ಚಾಳಿನ ಒಂದೇ ಖೋಲಿ. ಗೋಡೆಗೆ ಬುದ್ಧನ ಫೋಟೋ, ಕೆಳಗೆ ಸ್ಟೋವು. ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನಲವತ್ತರ ಆಸುಪಾಸಿನವರು, ಸಮಾಧಾನದ ಮನುಷ್ಯ. ಅಕ್ಕನ ಹೊಟ್ಟೆಯ ಬರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಇವೇನೆಂದು ಕೇಳಿದರು. ನಾನು ಹೇಳಿದೆ. ಅವರು ಸೀರೆ ಸರಿಮಾಡಿದರು.

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕನಿಗೂ ಮಾಮಾನಿಗೂ ಹಿಂದಿ ಬರುತ್ತಿರಲಿಲ್ಲ. ಸೋದರಮಾವ ಆ ಹೊತ್ತಿಗೆ ಕೆಲಸದ ಮೇಲಿದ್ದ. ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದ ನಾನೇ ನಡುವೆ ನಿಂತು ಹೇಳಿದೆ. ದುರ್ಬೀನು ಹೇಗೆ ಹೋಗುತ್ತದೆ, ನಳಿಗೆ ಎಷ್ಟು ಉದ್ದ ಇರುತ್ತದೆ, ಮೂರು ತಿಂಗಳಿಗೆ ಅದು ಕಟ್ಟಿಕೊಳ್ಳುತ್ತದೆ, ಆಗ ಬಂದು ಬದಲಿಸಿಕೊಳ್ಳಬೇಕು. ಎಲ್ಲ ಹೇಳಿದೆ. ಕೊನೆಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಕೆಲವರಿಗೆ ಈ ದುರ್ಬೀನಿನಿಂದಲೇ ಗ್ರಂಥಿ ಬಾತುಕೊಳ್ಳುತ್ತದೆ, ಒಮ್ಮೊಮ್ಮೆ ಜೀವಕ್ಕೂ ಬರುತ್ತದೆ, ಅದನ್ನೂ ಅವರಿಗೆ ತಿಳಿಸಿರಿ ಎಂದರು.

ನಾನು ಅಕ್ಕನ ಕಡೆ ತಿರುಗಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಏನಂತಾರ?" ಎಂದಳು.

"ಏನೂ ಅಂಜಬ್ಯಾಡ ಅನ್ನಾಕತ್ತಾರ" ಎಂದೆ.

ಮಾಮಾ ಕಾಗದದ ಮೇಲೆ ಸಹಿ ಮಾಡಿದ. ಅವನಿಗೆ ಬರೆಯಲು ಬರುತ್ತಿದ್ದದ್ದು ಆ ಸಹಿಯಷ್ಟೇ. ನಾನು ಆ ಮಾತನ್ನು ಮರೆತು ಬಿಟ್ಟದ್ದಲ್ಲ. ಹೇಳಿದರೆ ಅವಳು ಎದ್ದು ನಡೆದುಬಿಡುತ್ತಾಳೆ, ಇಷ್ಟು ದೂರ ಬಂದದ್ದು ಸುಳ್ಳಾಗುತ್ತದೆ ಎಂದು ಬಿಟ್ಟೆ.

ಮರುದಿನ ಬೆಳಿಗ್ಗೆ ಅವಳನ್ನು ಎಕ್ಸ್‌ರೇ ಯಂತ್ರವಿದ್ದ ಕೋಣೆಗೆ ಒಯ್ದರು. ಒಂದು ತಾಸಿನ ಮೇಲೆ ಹೊರಗೆ ತಂದಾಗ ಮಂಪರಿನಲ್ಲಿದ್ದಳು. ನಳಿಗೆ ಸರಿಯಾಗಿ ಕೂತಿದೆ ಎಂದರು. ನಾನು ಹೊರಗೆ ಹೋಗಿ ಮಾಮಾನಿಗೆ ಚಹಾ ಕುಡಿಸಿದೆ.

ಮಧ್ಯಾಹ್ನ ನೋವು ಬಂತು. ಹದಿನೈದು ವರ್ಷದ ನೋವುಗಳಲ್ಲಿ ಅವಳು ಎಂದೂ ಕೂಗಿದವಳಲ್ಲ. ಅಂದು ಕೂಗಿದಳು. ಹಸಿರು ಪಿತ್ತ ಕಾರಿದಳು. ಹೊಟ್ಟೆ ಉಬ್ಬಿ ಹಲಗೆಯಂತಾಯಿತು. ಸಂಜೆಯೊಳಗೆ ಮೂಗಿನಲ್ಲಿ ಒಂದು ನಳಿಗೆ, ಎರಡೂ ಕೈಗೆ ಸಲೈನು ಬಂದವು. ಡಾಕ್ಟರು ನನ್ನನ್ನು ನೋಡಿ, ನಾನು ಹೇಳಿದ್ದೆನಲ್ಲ, ಅದೇ ಆಗಿದೆ ಎಂದರು. ಮಾಮಾ ಪಕ್ಕದಲ್ಲೇ ನಿಂತಿದ್ದ.

"ಏನಂದ್ರು?" ಎಂದು ಕೇಳಿದ.

"ಬಾವು ಬಂದೈತಂತ. ಇಳೀತೈತಂತ" ಎಂದೆ.

ಒಂಬತ್ತು ದಿನ ಅವಳ ಬಾಯಿಗೆ ಒಂದು ಹನಿ ನೀರೂ ಕೊಡುವಂತಿರಲಿಲ್ಲ. ಕೊಟ್ಟರೆ ಗ್ರಂಥಿ ಕೆರಳುತ್ತದೆ. ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ತುಟಿಗೆ ಒರೆಸುವುದು, ಅಷ್ಟೇ. ಉಸಿರು ಎಳೆಯುವುದಕ್ಕೂ ಅವಳಿಗೆ ಕಷ್ಟವಾಗುತ್ತಿತ್ತು. ನೋವಿಗಿಂತ ನೀರಡಿಕೆಯೇ ಅವಳನ್ನು ಹೆಚ್ಚು ಕಾಡಿತು.

"ತಂಗಿ, ಒಂದ್ ಗುಟುಕ ಕೊಡ. ಯಾರಿಗೂ ಹೇಳೂದಿಲ್ಲ" ಎನ್ನುತ್ತಿದ್ದಳು.

ನಾಲ್ಕನೆಯ ದಿನ ತುಟಿ ಒರೆಸುವಾಗ ಹತ್ತಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಹೀರತೊಡಗಿದಳು. ನಾನು ಅವಳ ದವಡೆ ಒತ್ತಿ ಅದನ್ನು ಹೊರಗೆ ಎಳೆದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲು ನನಗೆ ಆಗುತ್ತಿಲ್ಲ.

ಪಕ್ಕದ ಕಾಟಿನಲ್ಲಿ ಸೊಲ್ಲಾಪುರ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಕನ್ನಡ ಮಾತಾಡುತ್ತಿದ್ದಳು. ಅವಳದೂ ಇದೇ ರೋಗ, ಅದು ಮೂರನೆಯ ನಳಿಗೆ. ಈ ಸಲ ಅವಳಿಗೆ ಏನೂ ಆಗಿರಲಿಲ್ಲ. ಎರಡನೆಯ ದಿನಕ್ಕೆ ಎದ್ದು ಓಡಾಡುತ್ತಿದ್ದಳು. ನನಗೆ ವಿಚಿತ್ರ ಸಿಟ್ಟು ಬರುತ್ತಿತ್ತು ಅವಳ ಮೇಲೆ. ಅವಳೋ ಬಂದು ಅಕ್ಕನ ಪಾದ ತಿಕ್ಕುತ್ತ ಕೂಡುತ್ತಿದ್ದಳು.

"ನಂಗೂ ಮೊದಲ್ನೇ ಸರ್ತಿ ಹಿಂಗ ಆಗಿತ್ತರೀ. ಇದು ದಾಟ್ತು ಅಂದ್ರ ಸುಖ ಐತಿ. ಆದ್ರ ತಾರೀಖು ಮಾತ್ರ ತಪ್ಪಸಬ್ಯಾಡ್ರಿ. ನಾ ಒಂದ್ಸಲ ತಪ್ಪಿಸಿ ಸಾಯೂದು ಒಂದು ಬಾಕಿ ಉಳದಿತ್ತು" ಎಂದು ಹೇಳಿದಳು.

ಹತ್ತನೆಯ ದಿನ ಅಕ್ಕನಿಗೆ ಎರಡು ಚಮಚ ನೀರು ಕೊಟ್ಟರು. ಮೂರು ವಾರ ಕಳೆದ ಮೇಲೆ ಮನೆಗೆ ಹೋಗಬಹುದು ಎಂದರು. ಚಾಳಿಗೆ ಬಂದ ದಿನ ಮಧ್ಯಾಹ್ನ ಗೋಡೆಗೆ ಒರಗಿ ಕೂತು ಅನ್ನದ ಗಂಜಿ ಕುಡಿಯುತ್ತಿದ್ದಳು. ಮಾಮಾ ಬಸ್ಸಿನ ಟಿಕೀಟು ತರಲು ಹೋಗಿದ್ದ. ಅಕ್ಕ ಬಟ್ಟಲು ಕೆಳಗಿಟ್ಟು ಕೇಳಿದಳು.

"ಹಿಂಗ ಆಗಬಹುದು ಅಂತ ಅವರಿಗೆ ಮೊದಲ ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹತ್ತಿಯ ಉಂಡೆ ಇನ್ನೂ ನನ್ನ ಬೆರಳಿನಲ್ಲಿ ಇದ್ದಂತೆ ಅನಿಸುತ್ತಿತ್ತು.

"ಗೊತ್ತಿತ್ತು. ಹೇಳಿದ್ರು. ನಾನ ನಿನಗ ಹೇಳ್ಲಿಲ್ಲ" ಎಂದೆ.

ಕೆಳಗೆ ನಲ್ಲಿಯ ಹತ್ತಿರ ಕೊಡಗಳ ಸಪ್ಪಳ ಕೇಳುತ್ತಿತ್ತು.

"ಹೊಟ್ಟಿ ನಂದಿತ್ತಲ್ಲ" ಎಂದಳು ಕೊನೆಗೆ. ಅಷ್ಟೇ. ಬಟ್ಟಲು ತೆಗೆದುಕೊಂಡು ಉಳಿದ ಗಂಜಿ ಕುಡಿದಳು.

ಸೊಲ್ಲಾಪುರದವಳು ಹೇಳಿದ್ದು ಖರೆಯಾಯಿತು. ಊರಿಗೆ ಬಂದ ಮೇಲೆ ನೋವು ಬರಲಿಲ್ಲ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಅಕ್ಕ ಎರಡು ರೊಟ್ಟಿ ಉಣ್ಣತೊಡಗಿದಳು. ಮುಖ ತುಂಬಿಕೊಂಡಿತು. ಮೇ ತಿಂಗಳಲ್ಲಿ ಮಗಳೊಂದಿಗೆ ಸವಣೂರಿಗೆ ಬಂದು ಅವ್ವನ ಹತ್ತಿರ ಎಂಟು ದಿನ ಇದ್ದಳು. ಸಂಜೆ ನಾನು ಅಂಗಡಿಯಿಂದ ಖಾರಾ ತಂದರೆ ಚುರಮುರಿಗೆ ಹಾಕಿಕೊಂಡು ತಿಂದಳು. ಹನ್ನೆರಡು ವರ್ಷದ ಮೇಲೆ ತಿಂದದ್ದು. ಅವ್ವ ಅಂಜುತ್ತ ನೋಡುತ್ತಿದ್ದಳು. ಏನೂ ಆಗಲಿಲ್ಲ. ನಾನು ಒಳಗೊಳಗೇ ಬೀಗಿದೆ. ಹೇಳದೇ ಕರೆದುಕೊಂಡು ಹೋದದ್ದೇ ಸರಿಯಾಯಿತಲ್ಲ ಎಂದೂ ಅನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ನಳಿಗೆ ಬದಲಿಸುವ ತಾರೀಖು ಜೂನ್ ಮೊದಲ ವಾರದಲ್ಲಿತ್ತು. ಶಾಲೆ ಶುರುವಾದ ವಾರವೇ ರಜೆ ಹಾಕಿ ಮಾಸೂರಿಗೆ ಹೋದೆ. ಭತ್ತದ ಸಸಿಮಡಿಗೆ ಬೀಜ ಹಾಕಿದ್ದರು, ಅಕ್ಕ ಗದ್ದೆಯಲ್ಲಿದ್ದಳು. ನನ್ನನ್ನು ಕಂಡು ಬದುವಿನ ಮೇಲೆ ಬಂದು ಕೂತಳು.

"ನಾ ಬರೂದಿಲ್ಲ" ಎಂದಳು, ನಾನು ಬಾಯಿ ತೆಗೆಯುವ ಮೊದಲೇ.

"ಯಕ್ಕಾ, ಅದು ಕಟಗೋತೈತಿ. ಮೂರ ತಿಂಗಳಂತ ಹೇಳ್ಯಾರ."

"ಹೇಳ್ಯಾರ. ನೋವಿಲ್ಲಲ್ಲ ಈಗ. ಇರೂದನ್ನ ಯಾಕ ಕೆದರಬೇಕು? ಮತ್ತ ಆ ದುರ್ಬೀನು, ಮತ್ತ ಆ ಒಂಬತ್ತ ದಿನ. ನನ್ನ ಕೈಲೆ ಆಗೂದಿಲ್ಲ."

"ಎರಡ್ನೇ ಸಲಕ್ಕ ಹಂಗ ಆಗೂದಿಲ್ಲ ಅಂತ ಆಕಿ ಹೇಳಿದ್ಲಲ್ಲ, ಸೊಲ್ಲಾಪುರದಾಕಿ."

ಅಕ್ಕ ಕೆರೆಯ ಏರಿಯ ಕಡೆ ನೋಡಿದಳು. ಅವಳ ಕೈಯಲ್ಲಿ ಒಂದು ಹುಲ್ಲಿನ ಎಳೆ ಇತ್ತು. ಅದನ್ನು ಬೆರಳಿಗೆ ಸುತ್ತುತ್ತಿದ್ದಳು.

"ಆಗೂದಿಲ್ಲಂತ ಡಾಕ್ಟರ ಹೇಳ್ಯಾರೇನು, ನೀ ಹೇಳಾಕತ್ತೀಯೇನು?" ಎಂದಳು.

ಅವಳು ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೇ ತಿಳಿಯಬೇಕಾಗಿತ್ತು ಅವಳಿಗೆ. ಅಂದು ನಾನು ಅಳಬಹುದಿತ್ತು, ಜಗಳ ಮಾಡಬಹುದಿತ್ತು, ಅವ್ವನನ್ನು ಕರೆತರಬಹುದಿತ್ತು, ಮಾಮಾನ ಕೈಯಿಂದ ಹೇಳಿಸಬಹುದಿತ್ತು. ಒಂದನ್ನೂ ಮಾಡಲಿಲ್ಲ. ಹಿಂದೆ ಒಮ್ಮೆ ಅವಳಿಗಾಗಿ ನಾನೇ ಠರಾಯಿಸಿದ್ದೆ, ಈ ಸಲ ಅವಳ ಮಾತೇ ನಡೆಯಲಿ ಎಂದುಕೊಂಡೆ. ಅವಳಿಗೆ ಮರ್ಯಾದೆ ಕೊಡುತ್ತಿದ್ದೇನೆ ಎಂದು ಆಗ ಅನಿಸಿತ್ತು. ಉಂಡು, ಸಂಜೆ ಬಸ್ಸಿಗೆ ಶಿಗ್ಗಾಂವಕ್ಕೆ ಮರಳಿದೆ.

ಜುಲೈಯಲ್ಲಿ ಅವಳು ನಾಟಿ ಮಾಡಿದಳು. ಎಲ್ಲರಿಗಿಂತ ಮುಂದಿನ ಸಾಲಿನಲ್ಲಿದ್ದಳಂತೆ. ಅವಳ ಅತ್ತೆಯೇ ನನಗೆ ಹೇಳಿದ್ದು.

ಆಗಸ್ಟಿನಲ್ಲಿ ಚಳಿಜ್ವರ ಬಂತು. ಮಲೇರಿಯಾ ಎಂದು ಊರಿನಲ್ಲೇ ಗುಳಿಗೆ ಕೊಟ್ಟರು. ಎಂಟು ದಿನದ ಮೇಲೆ ಮಾಮಾ ಯಾರಿಂದಲೋ ಚೀಟಿ ಬರೆಸಿ ನನಗೆ ಕಳಿಸಿದ. ಹೋಗಿ ನೋಡಿದರೆ ಅವಳ ಮೈ ಸುಡುತ್ತಿತ್ತು, ಹೊಟ್ಟೆ ಮುಟ್ಟಗೊಡಲಿಲ್ಲ. ಬಾಡಿಗೆ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದೆವು. ಅಲ್ಲಿ ಒಬ್ಬ ಸರ್ಜನ್ ಎಕ್ಸ್‌ರೇ ನೋಡಿ, ಹರಳುಗಳ ನಡುವೆ ಕಾಣುತ್ತಿದ್ದ ಗೆರೆಯನ್ನು ತೋರಿಸಿ, "ಇದೇನರಿ? ಏನರ ನುಂಗಿದ್ರೇನು?" ಎಂದು ಕೇಳಿದರು. ನಾನು ಮುಂಬಯಿಯ ಕಾಗದ ಕೊಟ್ಟೆ. ಅವರು ಅದನ್ನು ನಿಂತೇ ಓದಿದರು. ನಳಿಗೆ ಕಟ್ಟಿಕೊಂಡು, ಸರಿದು ಒಳಗೆ ಹೋಗಿದೆ, ಸುತ್ತಲೂ ಕೀವಾಗಿದೆ, ಈಗ ಮುಂಬಯಿ ತನಕ ಒಯ್ಯುವಂತಿಲ್ಲ, ಇಲ್ಲೇ ತೆರೆಯಬೇಕು ಎಂದರು. ಬದುಕುವ ಭರವಸೆ ಕಡಿಮೆ ಎಂದೂ ಹೇಳಿದರು.

ನಾನು ಅಕ್ಕನ ಹತ್ತಿರ ಹೋಗಿ ಅದಷ್ಟನ್ನೂ ಹೇಳಿದೆ. ಭರವಸೆ ಕಡಿಮೆ ಎಂಬುದನ್ನೂ ಹೇಳಿದೆ. ಅವಳು ಕಣ್ಣು ತೆರೆದು ಕೇಳಿಸಿಕೊಂಡಳು.

"ಕೊಯ್ಲಿ ಬಿಡು" ಎಂದಳು. "ಮಗಳ್ನ ಕರಕೊಂಡ ಬರ್ರಿ."

ಮಗಳನ್ನು ಕರೆತಂದೆವು. ಆಪರೇಷನ್ ಮೂರು ತಾಸು ನಡೆಯಿತು. ಹೊರತೆಗೆದ ನಳಿಗೆಯನ್ನು ನರ್ಸು ಒಂದು ಬಟ್ಟಲಿನಲ್ಲಿ ತಂದು ತೋರಿಸಿದಳು. ನಾನು ದೊಡ್ಡದೇನೋ ಇರುತ್ತದೆಂದು ತಿಳಿದಿದ್ದೆ. ಕಿರುಬೆರಳಿನಷ್ಟು ಉದ್ದ, ಬಾಲ್‌ಪೆನ್ನಿನ ರೀಫಿಲ್ಲಿನಷ್ಟು ದಪ್ಪ. ಬಿಳಿ ಇದ್ದದ್ದು ಕಪ್ಪಾಗಿ, ಒಳಗೆ ಕೆಸರು ಗಟ್ಟಿಯಾಗಿ ನಿಂತಿತ್ತು. ಮೂರನೆಯ ದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಅವಳಿಗೆ ಮೂವತ್ತಮೂರು.

ಮಾಸೂರಿನಲ್ಲಿ ಮಣ್ಣು ಮಾಡಿದೆವು. ಹದಿನೈದು ದಿನದ ಮೇಲೆ ಅವಳ ಟ್ರಂಕು ತೆಗೆದಾಗ ಸೀರೆಗಳ ಅಡಿಯಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಸೋದರಮಾವ ಬರೆದದ್ದು. ಅಂಚೆ ಮುದ್ರೆಯ ತಾರೀಖು ನೋಡಿದೆ. ಜೂನಿನಲ್ಲಿ ನಾನು ಅವಳನ್ನು ಕರೆಯಲು ಹೋಗುವ ಮೊದಲಿನ ವಾರದ್ದು. ತಾರೀಖು ತಪ್ಪಿಸಬೇಡ, ತಪ್ಪಿಸಿದರೆ ಜೀವಕ್ಕೆ ಅಪಾಯವೆಂದು ಡಾಕ್ಟರು ಹೇಳಿದ್ದಾರೆ, ತಂಗಿಯನ್ನು ಕರೆದುಕೊಂಡು ಕೂಡಲೇ ಹೊರಟು ಬಾ ಎಂದು ಬರೆದಿದ್ದ. ಕೆಳಗೆ, ಜಾಗ ಉಳಿದಿತ್ತೆಂದೇನೋ, ಇನ್ನೆರಡು ಸಾಲು ಸೇರಿಸಿದ್ದ. ನಿನ್ನ ಪಕ್ಕದ ಕಾಟಿನಲ್ಲಿದ್ದ ಸೊಲ್ಲಾಪುರದ ಬಾಯಿ ಮೊನ್ನೆ ನಾಲ್ಕನೆಯ ನಳಿಗೆ ಹಾಕಿಸಿಕೊಳ್ಳಲು ಬಂದಿದ್ದಳು, ಹಾಕಿದ ಮೇಲೆ ಬಾವು ಬಂದು ಐದನೆಯ ದಿನಕ್ಕೆ ತೀರಿಕೊಂಡಳು, ಪಾಪ.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ನಾನು ಟಪಾಲಿನವರನ್ನು ಕೇಳಿದೆ. ವಯಸ್ಸಾದವರು, ಸೈಕಲ್ಲು ನಿಲ್ಲಿಸಿ ಇಳಿದರು.

"ಹೌದ್ರಿ ಅಕ್ಕೋರ, ನಾನ ಓದಿ ಹೇಳಿದ್ದೆ. ಇನ್ನೊಮ್ಮಿ ಓದ್ರಿ ಅಂದ್ಲು. ಓದಿದೆ. ಯಾರಿಗೂ ಹೇಳಬ್ಯಾಡ್ರಿ ಅಂತಂದು ಇಸ್ಕೊಂಡು ಒಳಗ ಹೋದ್ಲು."

ಪತ್ರವನ್ನು ಮಾಮಾನಿಗೂ ಓದಿ ಹೇಳಿದೆ. ಅವನು ಕಟ್ಟೆಯ ಮೇಲೆ ಕೂತು ಕೇಳಿದ.

"ನನ್ನ ಮುಂದ ಒಂದ್ ಮಾತ ಅನಬೇಕಿತ್ತು" ಎಂದ. ಯಾರ ಬಗ್ಗೆ ಹೇಳಿದನೋ ನಾನು ಕೇಳಲಿಲ್ಲ. ಅವನ ಪಾಳಿಯ ನೀರು ಬರುವ ಹೊತ್ತಾಗಿತ್ತು. ಸಲಿಕೆ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋದ.

ಮರುವರ್ಷ ಜೂನಿನಲ್ಲಿ ಅಕ್ಕನ ಮಗಳನ್ನು ಹೈಸ್ಕೂಲಿಗೆಂದು ಶಿಗ್ಗಾಂವಕ್ಕೆ ಕರೆತಂದೆ. ಅವಳು ನನ್ನ ಜೊತೆಯೇ ಇದ್ದಳು. ತಾಯಿಯ ವಿಷಯ ಕೇಳುತ್ತಿರಲಿಲ್ಲ. ಈ ರೋಗ ಒಮ್ಮೊಮ್ಮೆ ಮನೆತನದಲ್ಲಿ ಬರುತ್ತದೆ ಎಂದು ಹುಬ್ಬಳ್ಳಿಯ ಸರ್ಜನ್ ನನಗೆ ಹೇಳಿದ್ದರು. ಸೆಪ್ಟೆಂಬರಿನ ಒಂದು ಭಾನುವಾರ ಅವಳು ಉಣ್ಣುತ್ತ ಕೂತಿದ್ದವಳು ತಾಟು ಸರಿಸಿ, "ಚಿಗವ್ವಾ, ಹೊಟ್ಟಿ ನೋಯಾಕತ್ತೇತಿ" ಎಂದಳು. ನಾನು ಕೈ ತೊಳೆಯದೇ ಎದ್ದು ಹೋಗಿ ಅವಳ ಮುಂದೆ ಕೂತೆ.

"ಬೆನ್ನಿಗೆ ಹೋಗತೈತೇನು?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಎಂದು ತಲೆ ಆಡಿಸಿದಳು.